ಮೈಸೂರಿನಿಂದ ನಿಂತುಹೋದ ನನ್ನ ಮಿಕ್ಸಿ

ಕೇಳಿ ಎಲ್ಲರೂ. ಇವತ್ತು ಮೈಸೂರಿನಲ್ಲಿ ಕುಳಿತ ಒಬ್ಬ ಎಂಜಿನಿಯರ್ ತಲ್ಲೂರಿನ ನನ್ನ ಮಿಕ್ಸಿಯನ್ನು ನಿಲ್ಲಿಸಿದ.

ಸೊಸೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ದೂರದಿಂದಲೇ ಯಂತ್ರಗಳ ಕರೆಂಟ್ ಹಾಕಿ ತೆಗೆಯಲು ಕಂಪ್ಯೂಟರಿನ ಕರ್ನಲ್‌ಗೆ, ಅಂದರೆ ಅದರ ಒಳತಿರುಳಿಗೆ, ಡ್ರೈವರ್ ಎಂಬ ಪ್ರೋಗ್ರಾಮ್ ಬರೆಯುತ್ತಿದ್ದಾಳೆ. ಅದನ್ನು ಪರೀಕ್ಷಿಸಲು ಅವಳ ಕೋಣೆಯಲ್ಲಿ ಸಾಲು ಪ್ಲಗ್‌ಗಳ ಒಂದು ಪೆಟ್ಟಿಗೆ ಇದೆ; ಅವಳ ಜೊತೆ ಕೆಲಸ ಮಾಡುವ ಆ ಎಂಜಿನಿಯರ್ ಮೈಸೂರಿನಿಂದಲೇ ಅವನ್ನು ಹಾಕಿ ಆರಿಸಿ ನೋಡುತ್ತಾನೆ. ಅಡುಗೆಮನೆಯ ಪ್ಲಗ್ ಕೆಟ್ಟಿತ್ತು. ಮಧ್ಯಾಹ್ನದ ಊಟಕ್ಕೆ ನಾವುಂದದಿಂದ ಅವಳ ಅಪ್ಪನೇ ಬರುವವರಿದ್ದರು. ನಾನು ಮಿಕ್ಸಿ ಎತ್ತಿಕೊಂಡು ಹೋಗಿ ಆ ಪೆಟ್ಟಿಗೆಗೆ ಸಿಕ್ಕಿಸಿದೆ. ಬಂಗುಡೆ ಸಾರಿನ ಮಸಾಲೆ ಅರ್ಧ ಅರೆದಿತ್ತು, ಮಿಕ್ಸಿ ಗಪ್ಪಾಯಿತು.

“ಅಯ್ಯೋ ಅತ್ತೆ, ಹಾಕುಕ್ ಮೊದ್ಲ್ ನನ್ ಹತ್ರ ಒಂದ್ ಮಾತ್ ಕೇಣುಕ್ ಆತಿಲ್ಯಾ?” ಎಂದಳು ಸೊಸೆ.

“ನನ್ ಮನಿಯಂಗ್ ಪ್ಲಗ್ ಹಾಕುಕೆ ನಿನ್ ಹತ್ರ ಕೇಣ್ಕಾ?” ಎಂದು, ಅವನು ವಿಡಿಯೊ ಕರೆಯಲ್ಲಿದ್ದ ಅವಳ ಕಂಪ್ಯೂಟರಿನ ಮುಂದೆ ನಾನೇ ಹೋಗಿ ನಿಂತೆ. “ಹ್ವಾಯ್, ಮಿಕ್ಸಿ ಬಂದ್ ಮಾಡದ್ ಯಾರ್?”

“ಸಾರಿ ಅಮ್ಮ, ನನಗೆ ಮಿಕ್ಸಿ ಕಾಣಲ್ಲ, ಮೂರನೇ ಪ್ಲಗ್ ಅಂತಷ್ಟೇ ಕಾಣುತ್ತೆ” ಎಂದ ಆ ಎಂಜಿನಿಯರ್.

“ಕಾಣ್ದಿದ್ರೆ ಕೇಣ್ಕ್. ಒಳಗ್ ಯಾರಿದ್ರ್ ಅಂದೇಳಿ ಕೇಣ್ದೆ ಬಚ್ಚಲ್ ಬಾಗ್ಲಿಗ್ ಹೊರಗಿಂದ್ ಚಿಲ್ಕ ಹಾಕ್ತ್ರಿಯಾ?”

ಇಬ್ಬರೂ ನಕ್ಕರು. ಪ್ಲಗ್ ಬಳಕೆಯಲ್ಲಿದ್ದರೆ ಆರಿಸುವ ಮುಂಚೆ ಒಪ್ಪಿಗೆ ಕೇಳುವ ಭಾಗವನ್ನು ಇನ್ನು ಬರೆಯಬೇಕಷ್ಟೆ ಎಂದಳು ಸೊಸೆ. “ಹಂಗಾರೆ ಅದ್ನೇ ಮೊದ್ಲ್ ಬರಿ” ಎಂದೆ. ಕರೆಂಟ್ ಬಂತು, ಮಸಾಲೆ ನುಣ್ಣಗಾಯಿತು, ಬೀಗರು ಎರಡು ಸಲ ಸಾರು ಬಡಿಸಿಕೊಂಡರು.

ಸಂಜೆ ನೋಡಿದರೆ ಪೆಟ್ಟಿಗೆಯ ಮೇಲೆ ಸೊಸೆ ಒಂದು ಚೀಟಿ ಅಂಟಿಸಿದ್ದಾಳೆ: ‘ಕೇಳಿ ಹಾಕಿ.’ ಹಗಲು ಮನೆಯಲ್ಲಿರುವುದು ನಾವಿಬ್ಬರೇ. ಯಾರಿಗಾಗಿ ಬರೆದದ್ದು ಎಂದು ನಾನು ಕೇಳಲು ಹೋಗಲಿಲ್ಲ.