ಜೊಂಡಿನೊಳಗೆ ತೆಪ್ಪ ನಿಂತಾಗ

"ಬೇಲಿ ಹಾಕ್ಕಳ್ಳಿ ಮೇಡಂ. ನಾಳೆಯಿಂದ ನಮ್ಮ ಹಸುಗಳನ್ನ ನಿಮ್ಮ ಮನೆ ಗೇಟಿಗೇ ಕಟ್ತೀವಿ!" ಅಂತ ಹುಲ್ಲು ಕೊಯ್ಯೋಕೆ ಬಂದಿದ್ದ ಜಯಮ್ಮ ಕುಡುಗೋಲು ಕೈಯಲ್ಲಿ ಹಿಡ್ಕೊಂಡೇ ಹೇಳಿಬಿಟ್ರು.

ಹೋದ ಭಾನುವಾರ ಬೆಳಗ್ಗೆ. ಹೊಸಕೋಟೆ ಹತ್ತಿರ, ನಮ್ಮ ಲೇಔಟ್ ಪಕ್ಕದ ಕೆರೆ ಏರಿ ಮೇಲೆ ಮೀಟಿಂಗು.

ಲಾರಿಗಳು ಬಂದು ಕಸ ಸುರಿದು ಹೋಗ್ತಿದ್ವು. ಅದಕ್ಕೆ ನಮ್ಮ ವಾಕಿಂಗ್ ಗ್ರೂಪ್‌ನೋರು, ಕೆರೆ ಸುತ್ತ ಬೇಲಿ ಹಾಕಿಸಿ, ಜೊಂಡು ತೆಗೆಸಿ ಅಂತ ಅರ್ಜಿ ರೆಡಿ ಮಾಡಿದ್ವಿ. ಬರೆದವಳು ನಾನೇ.

ಆದ್ರೆ ದಡದ ಹುಲ್ಲೇ ಜಯಮ್ಮನಂಥೋರ ಹಸುಗಳಿಗೆ ಮೇವು. ಮೀನು ಹಿಡಿಯೋರು ತೆಪ್ಪ ಇಳಿಸೋದೂ ಅದೇ ದಡದಿಂದ. ಎರಡು ಕಡೆಯೂ ದನಿ ಏರ್ತಾ ಹೋಯ್ತು...

ಮೀನು ಹಿಡಿಯೋ ಮುನಿರಾಜಣ್ಣ ಮಾತ್ರ ತಮ್ಮ ತೆಪ್ಪದ ಹಗ್ಗ ಬಿಚ್ತಿದ್ರು. ಕೊನೆಗೆ ನನ್ನ ಕಡೆ ತಿರುಗಿ, "ಬಾರಮ್ಮ, ಒಂದ್ಸಲ ನೀರಿನ ಮೇಲಿಂದ ನೋಡು" ಅಂದ್ರು.

ಭಯ ಆಯ್ತು. ಆದ್ರೂ ತೆಪ್ಪ ಹತ್ತಿದೆ. ಜಯಮ್ಮನೂ ಬಂದು ಕೂತ್ರು, ಮುಖ ಆ ಕಡೆ ತಿರುಗಿಸ್ಕೊಂಡು.

ಜೊಂಡಿನ ಹತ್ತಿರ ಮುನಿರಾಜಣ್ಣ ಹುಟ್ಟು ಎತ್ತಿಟ್ರು. ತೆಪ್ಪ ತಾನಾಗೇ ಜಾರಿ ಒಳಗೆ ಹೋಗಿ ನಿಂತ್ಕೊಳ್ತು.

ಅಬ್ಬಾ... ಎಲ್ಲಿ ನೋಡಿದ್ರೂ ಗೂಡು!

ಕೈ ಚಾಚಿದ್ರೆ ಸಿಗೋಷ್ಟು ದೂರದಲ್ಲಿ ಒಂದು ನೀಲಿ ನೀರುಕೋಳಿ, ಕೆಂಪು ಕೊಕ್ಕು. ಅದರ ಹೊಟ್ಟೆ ಕೆಳಗಿಂದ ಮಸಿಯಂಥ ಕಪ್ಪು ಮರಿಗಳು ಇಣುಕ್ತಿವೆ. ಹಕ್ಕಿ ನಮ್ಮನ್ನ ನೋಡ್ತಿದೆ, ಎದ್ದು ಹೋಗ್ತಾನೇ ಇಲ್ಲ.

"ಮರಿ ದೊಡ್ಡವಾಗೋ ತನಕ ಇಲ್ಲಿ ನಾವು ಬಲೆ ಬಿಡಲ್ಲ, ಇವ್ರು ಕುಡುಗೋಲು ಹಾಕಲ್ಲ" ಅಂದ್ರು ಮುನಿರಾಜಣ್ಣ, ಮೆಲ್ಲಗೆ.

ಯಾರು ಮಾಡಿದ ರೂಲ್ಸು ಅಂತ ಕೇಳ್ದೆ.

"ನಾವೇ ಕಣಮ್ಮ" ಅಂದ್ರು ಜಯಮ್ಮ. "ಈ ಜಾಗಕ್ಕೆ ನಮ್ಗೂ ಇವ್ರಿಗೂ ಹೊಡೆದಾಟವೇ ಆಗಿತ್ತು. ಆಮೇಲೆ ಕೂತು ಮಾತಾಡ್ಕೊಂಡ್ವಿ."

ನಮ್ಮ ಅರ್ಜಿ ಪ್ರಕಾರ ಜೆಸಿಬಿ ಮೊದಲು ಇಳಿಯಬೇಕಿದ್ದದ್ದು ಅಲ್ಲಿಗೇ.

ದಡಕ್ಕೆ ಬಂದು ಕಂಡಿದ್ದನ್ನೆಲ್ಲ ಹೇಳ್ದೆ. ನಮ್ಮೋರು ಒಪ್ಪಲಿಲ್ಲ. ಹಂಗಾದ್ರೆ ಕಸದ ಲಾರಿಗೆ ಏನು ಮಾಡೋದು ಅಂದ್ರು. ಅದೂ ನಿಜವೇ.

"ಲಾರಿ ಬರೋದು ಒಂದೇ ದಾರೀಲಿ. ಅಲ್ಲಿ ಗೇಟ್ ಹಾಕ್ಸಿ. ದಿನಾ ಹುಲ್ಲಿಗೆ ಬರೋರು ನಾವು, ನೋಡ್ಕೋತೀವಿ" ಅಂದ್ರು ಜಯಮ್ಮ.

ಅದಕ್ಕೆ ಹೆಚ್ಚಿನೋರು ಒಪ್ಪಿದ್ರು. ಅರ್ಜಿಯಿಂದ ಬೇಲಿ, ಜೊಂಡಿನ ಮಾತು ಎರಡನ್ನೂ ಕೈಬಿಟ್ಟು, ಗೇಟಿಗೆ ಮಾತ್ರ ಹೊಸದಾಗಿ ಬರೆದ್ವಿ. ಮೊದಲನೇ ಸಹಿ ಜಯಮ್ಮಂದು. ನಮ್ಮ ಗ್ರೂಪಿನ ಇಬ್ಬರು ಇನ್ನೂ ನನ್ನ ಜೊತೆ ಮಾತಾಡ್ತಿಲ್ಲ, ಇರಲಿ.

ಮೂರು ವರ್ಷದಿಂದ ದಿನಾ ಆ ಕೆರೆ ಸುತ್ತಿದೀನಿ, ಏನೂ ನೋಡೇ ಇರ್ಲಿಲ್ಲ... ನಿಮ್ಮೂರ ಕೆರೆ ಬಗ್ಗೆ ಯಾರ್ಯಾರು ಏನೇನು ಮಾತಾಡಿ ಒಪ್ಕೊಂಡಿದಾರೆ, ನಿಮಗೆ ಗೊತ್ತಾ?