ತಿಡಾಳ ಊರಿನ ಪ್ರೇಮಕಥೆಗಳು

ಕೊಲ್ಲಿ ನಾಡಿನ ಖಾಲಿದಿಯಾದ ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸದಲ್ಲಿದ್ದ ಕಿನ್ನಿಗೋಳಿಯ ಪರ್ಲ್, ಬರ್ಮಾದ ತಿಡಾಳ ಜೊತೆ ಒಂದೇ ಕೋಣೆಯಲ್ಲಿದ್ದಳು. ರಜೆ ಸಿಕ್ಕಿದಾಗ ತಿಡಾ ತನ್ನ ಊರಿನ ಪ್ರೇಮಕಥೆಗಳನ್ನು ಹರಕು ಹಿಂದಿಯಲ್ಲಿ ಹೇಳುತ್ತಿದ್ದಳು. ಅವುಗಳಲ್ಲಿ ಪ್ರೇಮಿಗಳು ಕತ್ತಿಗೆ ಬಲಿಯಾಗುತ್ತಿದ್ದರು, ನದಿಗೆ ಹಾರುತ್ತಿದ್ದರು, ಸತ್ತ ಮೇಲೆ ಊರವರು ಪೂಜಿಸುವ ದೈವಗಳಾಗುತ್ತಿದ್ದರು.

"ನಮ್ಮ ಊರಲ್ಲೂ ಹೀಗೇ ಮಾರಾಯ್ತಿ, ಅನ್ಯಾಯವಾಗಿ ಸತ್ತವರು ದೈವ ಆಗ್ತಾರೆ," ಎನ್ನುತ್ತಿದ್ದಳು ಪರ್ಲ್.

೨೦೧೪ರ ಒಂದು ಮಧ್ಯಾಹ್ನ, ತಿಡಾಳನ್ನು ಮದುವೆಯಾಗಲು ಕೇಳಿ ಅವಳಿಂದ ಒಲ್ಲೆನೆನಿಸಿಕೊಂಡಿದ್ದ, ಅವಳ ದೇಶದವನೇ ಆದ ಜಾವ್ ಎಂಬವನು ಅವರ ಕೋಣೆಯ ಬಾಗಿಲು ಒದ್ದು ಒಳನುಗ್ಗಿದ. ಅವನ ಕೈಯಲ್ಲಿ ಮಾಂಸ ಕಡಿಯುವ ಕತ್ತಿಯಿತ್ತು.

"ಇಬ್ಬರೂ ಒಟ್ಟಿಗೆ ಸಾಯೋಣ, ನಮ್ಮ ಕಥೆಯನ್ನೂ ಜನ ಹೇಳ್ತಾರೆ!" ಎಂದು ಅರಚುತ್ತ ತಿಡಾಳ ಜಡೆ ಹಿಡಿದೆಳೆದು ಎಡಭುಜಕ್ಕೆ ಕಡಿದ. ರಕ್ತ ಗೋಡೆಗೆ ಚಿಮ್ಮಿತು. ಅವನು ಮತ್ತೆ ಕತ್ತಿ ಎತ್ತುವಷ್ಟರಲ್ಲಿ ಪರ್ಲ್ ಬಲಗೈಯಿಂದ ಅಲಗನ್ನೇ ಹಿಡಿದಳು. ಅಂಗೈ ಸೀಳಿದರೂ ಬಿಡಲಿಲ್ಲ. ಎಡಗೈಗೆ ಸಿಕ್ಕಿದ ದೋಸೆ ಕಾವಲಿಯಿಂದ ಅವನ ಮುಖಕ್ಕೆ ಬಾರಿಸಿದಳು, ಅವನು ಕುಸಿದು ಬಿದ್ದ ಮೇಲೂ ಬಾರಿಸಿದಳು. ಪಕ್ಕದ ಕೋಣೆಯವರು ಓಡಿಬಂದು, "ಖಲಾಸ್, ಖಲಾಸ್! ಸಾಕು ಬಿಡು!" ಎಂದು ಅವಳನ್ನು ಎಳೆದು ನಿಲ್ಲಿಸಬೇಕಾಯಿತು.

ಜಾವ್ ಜೈಲು ಸೇರಿದ. ತಿಡಾ ಬದುಕಿಕೊಂಡಳು. ಪರ್ಲ್‌ಳ ಅಂಗೈಯ ಹೊಲಿಗೆ ಮಾಯುವವರೆಗೆ ತಿಡಾ ತನ್ನ ನೆಟ್ಟಗಿದ್ದ ಕೈಯಿಂದ ಅನ್ನ ಕಲಸಿ ಅವಳಿಗೆ ತುತ್ತು ಕೊಟ್ಟಳು.