ಶುಗರ್ ಇಲ್ಲದವನ ಹೊಟ್ಟೆಕಿಚ್ಚು

ನನಗೆ ಶುಗರ್ ಇಲ್ಲ. ಯಾರಾದ್ರೂ ಇದಕ್ಕೆ ಬೇಜಾರು ಮಾಡ್ಕೋತಾರಾ? ಹೋದ ವಾರ ನಾನು ಮಾಡ್ಕೊಂಡೆ.

ಕುಮಾರಸ್ವಾಮಿ ಲೇಔಟ್‌ನ ನಮ್ಮ ಪಾರ್ಕಲ್ಲಿ ವಾಕಿಂಗ್ ಮುಗಿಸಿ ಕೂರೋಕೆ ಒಂದು ಕಲ್ಲು ಬೆಂಚಿದೆ. ಅಲ್ಲಿ ಎಲ್ಲರಿಗೂ ಶುಗರ್. ದಿನಾ ಅದೇ ಮಾತು, ನಿಂದು ಎಷ್ಟು, ನಂದು ಎಷ್ಟು. ನಾನೊಬ್ಬ ಬೇರೆ. ನಂದು ಕರುಳಿನ ಕ್ಯಾನ್ಸರ್. ಆಪರೇಷನ್ ಆಯ್ತು, ಕೀಮೋನೂ ಮುಗೀತು. ವಾಪಸ್ ಬಂದಿದೆಯಾ ಅಂತ ನೋಡೋ ಸ್ಕ್ಯಾನು ಮುಂದಿನ ತಿಂಗಳು.

ಅವತ್ತು ಗೆಳೆಯ ರಾಮಣ್ಣ ಮೊಬೈಲ್ ಎತ್ತಿ ಹಿಡಿದ. "ಕೇಳ್ರಪ್ಪಾ ಇಲ್ಲಿ! ನಾವು ನುಂಗೋ ಶುಗರ್ ಮಾತ್ರೆ ಕ್ಯಾನ್ಸರ್ ಕಣಾನೂ ಸಾಯಿಸಬಹುದಂತೆ!"

ಬೆಂಚೆಲ್ಲಾ ಖುಷಿ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದ್ರು.

"ಪಾಪ, ನಿನಗೆ ಶುಗರ್ರೇ ಇಲ್ವಲ್ಲೋ," ಅಂದ ರಾಮಣ್ಣ.

ಹೊಟ್ಟೆ ಉರಿದುಹೋಯ್ತು. (ಉಳಿದಿರೋ ಕರುಳಷ್ಟೂ ಉರೀತು!) ಸಪ್ಪೆ ಕಾಫಿ ಕುಡಿಯೋ ಅವನನ್ನ ನೋಡಿ ಇಷ್ಟು ವರ್ಷ ಅಯ್ಯೋ ಅಂದವನು ನಾನು. ಪಕ್ಕದವನ ಕಾರು ನೋಡಿ ಕರುಬೋರು ಇದ್ದಾರೆ. ಪಕ್ಕದವನ ಕಾಯಿಲೆ ನೋಡಿ? ನಮ್ಮೂರ ಕಡೆ ಅದನ್ನ ಸಾಹುಕಾರರ ಕಾಯಿಲೆ ಅಂತಿದ್ರು. ಸುಮ್ನೆ ಅಂತಿರಲಿಲ್ಲ ಅನ್ನಿಸ್ತು.

ರಾಮಣ್ಣ ಒಳ್ಳೇವನು. ಜೇಬಿಂದ ಒಂದು ಸ್ಟ್ರಿಪ್ ತೆಗೆದು ಕೈಗಿಟ್ಟ. "ತಗೊಳಯ್ಯ, ಊಟ ಆದ್ಮೇಲೆ ಒಂದು." ನಮ್ಮ ಬೆಂಚಲ್ಲಿ ಮಾತ್ರೆ ಕೊಡೋದು ಅಂದ್ರೆ ಎಲೆ ಅಡಿಕೆ ಕೊಟ್ಟಂಗೆ. ಮಂಡಿನೋವಿಗೆ, ಗ್ಯಾಸಿಗೆ, ಒಬ್ಬರದ್ದು ಇನ್ನೊಬ್ಬರ ಬಾಯಿಗೆ.

ನುಂಗೋಕೆ ಹೆಂಡ್ತಿ ಸರೋಜ ಬಿಡ್ಲಿಲ್ಲ. ಸ್ಟ್ರಿಪ್ಪನ್ನೂ ನನ್ನನ್ನೂ ಎಳ್ಕೊಂಡು ನಮ್ಮ ಕ್ಯಾನ್ಸರ್ ಡಾಕ್ಟರ್ ಮೇಡಂ ಹತ್ರ ಹೋದ್ಲು.

"ನನಗೂ ಇದು ಬರ್ಕೊಡಿ ಮೇಡಂ," ಅಂದೆ.

"ಲ್ಯಾಬಿನ ತಟ್ಟೇಲಿ ಕಣ ಸತ್ತಿದೆ ಸಾರ್. ಮನುಷ್ಯರ ಮೈಯಲ್ಲೂ ಹಂಗೇ ಆಗುತ್ತಾ ಅಂತ ಇನ್ನೂ ನೋಡ್ತಿದಾರೆ. ನಿಮ್ಮಷ್ಟಕ್ಕೆ ನೀವೇ ತಗೋಬೇಡಿ."

"ಮತ್ತೆ ಶುಗರ್ ಇರೋರಿಗೆ ಕ್ಯಾನ್ಸರ್ ಬರಲ್ವಾ?"

"ಹೊರಗಡೆ ಕೂತಿರೋರನ್ನ ಕೇಳಿ. ಎಷ್ಟೋ ಜನ ಇದೇ ಮಾತ್ರೆ ನುಂಗೋರು."

ಸಮಾಧಾನ ಆಗಬೇಕಿತ್ತು. ಆಗ್ಲಿಲ್ಲ. ಅವರಿಗೆ ದಿನಾ ನುಂಗೋಕೆ ಏನೋ ಒಂದಿದೆ. ನನಗೆ ಕಾಯೋದು ಬಿಟ್ರೆ ಏನಿದೆ?

ಮಾರನೇ ದಿನ ಸ್ಟ್ರಿಪ್ ವಾಪಸ್ ಕೊಟ್ಟೆ. ಡಾಕ್ಟರ್ ಅಂದಿದ್ದೆಲ್ಲಾ ಹೇಳ್ದೆ. ರಾಮಣ್ಣ ತಲೆ ಕೆಡಿಸ್ಕೊಳ್ಳಲಿಲ್ಲ.

"ನಂಗೂ ಮುಂದಿನ ತಿಂಗಳೇ ಟೆಸ್ಟು ಮಾರಾಯ. ಒಂದು ವಾರ ಮುಂಚೆ ಅನ್ನ, ಸ್ವೀಟು ಎಲ್ಲಾ ಬಿಟ್ಬಿಡ್ತೀನಿ. ರಿಪೋರ್ಟ್ ಸಖತ್ತಾಗಿ ಬರುತ್ತೆ!" ಅಂತ ಕಣ್ಣು ಹೊಡೆದ.

ಬೆಂಚೆಲ್ಲಾ ನಕ್ತು. ಎಲ್ಲರೂ ಮಾಡೋದು ಅದನ್ನೇ ತಾನೆ.

ನನ್ನ ಸ್ಕ್ಯಾನಿಗೆ ಮುಂಚೆ ನಾನೇನು ಬಿಡಲಿ, ಹೇಳಿ?